ನನ್ನ ಚಕ್ರದಡಿಯ ನಿಂಬೆಹಣ್ಣು

ನಾನು ಇಬ್ಬರು ಕೂರುವ ಪುಟ್ಟ ವಿಮಾನ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೈಗೆ ಹಳದಿ ಬಣ್ಣ ಬಳಿದು ಮೊದಲ ಸಲ ಹೊರಗೆ ತಳ್ಳಿದಾಗ ನನ್ನ ಮೂಗು ಆಕಾಶ ನೋಡುತ್ತಿತ್ತು. ಬಾಲದ ಕೆಳಗೆ ಪುಟ್ಟ ಚಕ್ರವಿರುವ ನಮ್ಮ ಜಾತಿಯೇ ಹಾಗೆ, ನೆಲದ ಮೇಲಿದ್ದರೂ ತಲೆ ಎತ್ತಿಕೊಂಡೇ ಇರುತ್ತೇವೆ. ನನ್ನ ಜಂಬ ಅಲ್ಲಿಂದಲೇ ಬಂದಿರಬೇಕು.

ಮೊದಲು ಶೋಕಿಗೆ ಹಾರುವ ಸಾಹುಕಾರರೊಬ್ಬರ ಕೈಯಲ್ಲಿದ್ದೆ. ಅವರ ಕಣ್ಣು ಮಂಜಾದ ಮೇಲೆ ಮೈಸೂರಿನ ಹೊರಗಿನ ತರಬೇತಿ ಶಾಲೆಗೆ ಬಂದೆ. ವರ್ಷಗಟ್ಟಲೆ ಹಾರಿದೆ. ಕೊನೆಗೆ ರೆಕ್ಕೆಯೊಳಗೆ ಬಿರುಕು ಕಂಡು, ಇನ್ನು ಹಾರಕೂಡದು ಎಂದರು. ನಡೆಯಲು ಅಡ್ಡಿಯಿರಲಿಲ್ಲ. ಅಂದಿನಿಂದ ಹೊಸಬರಿಗೆ ಟ್ಯಾಕ್ಸಿ ಕಲಿಸುವುದೇ, ಅಂದರೆ ವಿಮಾನವನ್ನು ನೆಲದ ಮೇಲೆ ರನ್‌ವೇವರೆಗೆ ನಡೆಸುವುದನ್ನು ಕಲಿಸುವುದೇ ನನ್ನ ಕೆಲಸವಾಯಿತು.

ಹೀಗಿರುವಾಗ ಮಾದೇವಿ ಬಂದಳು. ಕೊಳ್ಳೇಗಾಲದ ಕಡೆಯ ಹುಡುಗಿ. ಅಪ್ಪನ ಕಬ್ಬಿನ ಲಾರಿ ಓಡಿಸಿ ಪಳಗಿದ ಕೈ. ಆ ಕೈಯೇ ಅವಳ ಶತ್ರು. ನೆಲದ ಮೇಲೆ ನಾವು ತಿರುಗುವುದು ಕಾಲಿನ ಪೆಡಲಿನಿಂದ. ಅವಳು ತಿರುವು ಕಂಡೊಡನೆ ಕೈ ತಿರುಗಿಸುತ್ತಿದ್ದಳು. ನಾನು ನೆಟ್ಟಗೆ ಹುಲ್ಲಿಗೆ ಇಳಿಯುತ್ತಿದ್ದೆ.

"ಇದು ನಿಮ್ಮಪ್ಪನ ಲಾರಿ ಅಲ್ಲ ಕಣಮ್ಮ," ಎಂದು ಕಲಿಸುವ ಮುದ್ದಯ್ಯ ಸರ್ ಗೊಣಗುತ್ತಿದ್ದರು.

"ಕೈ ತಾನಾಗೇ ಹೋಯ್ತದೆ ಸಾರ್."

"ಹೋದ್ರೆ ಅದ್ರ ಮೇಲೆ ಕೂತ್ಕೋ!"

ಅವಳು ನಿಜವಾಗಿಯೂ ಅಂಗೈ ಮೇಲೆ ಕೂತಳು. ಎಂಜಿನ್ನನ್ನು ಸರ್ ನೋಡಿಕೊಂಡರು, ಅವಳು ಕಾಲಿನಿಂದ ನನ್ನನ್ನು ನಡೆಸಿದಳು. ಹೊರಟ ಕೂಡಲೇ ಬ್ರೇಕ್ ಒತ್ತಿ ನೋಡುವುದು, ಮನುಷ್ಯ ನಡೆಯುವ ವೇಗ ಮೀರದಿರುವುದು ಎಲ್ಲ ರೂಢಿಯಾಯಿತು. ಎದುರಿಗೆ ನನ್ನ ಮೂಗೇ ಅಡ್ಡ. ಅದಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಾ, ಪಕ್ಕದ ಗಾಜಿನಿಂದ ದಾರಿ ನೋಡಬೇಕು. ಅವಳು ನನ್ನನ್ನು "ಅಕ್ಕ" ಎನ್ನತೊಡಗಿದಳು.

ಆಗ ಬಂದಳು ಸವತಿ, ಶಾಲೆಯ ಹೊಸ ವಿಮಾನ. ಬಿಳಿ ಮೈ, ಅಗಲ ಗಾಜು. ಮೂಗಿನಡಿಯೇ ಚಕ್ರ, ಹಾಗಾಗಿ ದಾರಿ ನೇರ ಕಾಣುತ್ತದಂತೆ! ಆಯುಧಪೂಜೆಯ ದಿನ ಅವಳಿಗೆ ಸೇವಂತಿಗೆ ಹಾರ, ಬೂದುಗುಂಬಳ, ಪ್ರತಿ ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ನನಗೆ ಒಂದು ಕುಂಕುಮದ ಬೊಟ್ಟು, ಅದೂ ಬಾಲಕ್ಕೆ. ಪೆಟ್ರೋಲ್ ತುಂಬಿದ ಹೊಟ್ಟೆ ಉರಿಯಬಾರದು ಎಂದು ಗೊತ್ತು. ಆದರೂ ಉರಿಯಿತು.

ಮರುದಿನ ಮಾದೇವಿಗೆ ಆ ಬಿಳಿಯವಳ ಮೇಲೆ ಪರೀಕ್ಷೆ. "ಸರಿಯಾಗಿ ನಡೆಸಿದ್ರೆ ಆಕಾಶ, ಇಲ್ದಿದ್ರೆ ಊರು," ಎಂದರು ಸರ್. ಗೆದ್ದರೆ ಅವಳು ನನ್ನ ಕೈಬಿಟ್ಟಂತೆ. ಸೋಲಲಿ ಎಂದು ಬಯಸಿದೆ. ಬಿಳಿಯವಳಲ್ಲಿ ಕಾರಿನ ಸ್ಟೀರಿಂಗಿನಂಥದ್ದೊಂದು ಇತ್ತು, ನೆಲದ ಮೇಲೆ ಅದರಿಂದ ತಿರುಗಲಾಗದಿದ್ದರೂ. ಲಾರಿಯ ಕೈಗೆ ಅದಕ್ಕಿಂತ ಆಮಿಷ ಬೇಕೆ?

ಹಾಗೇ ಆಯಿತು. ತಿರುವಿನಲ್ಲಿ ಕೈ ತಿರುಗಿಸಿದಳು. ಬಿಳಿಯವಳು ತಿರುಗಲಿಲ್ಲ, ಗಾಳಿಯ ದಿಕ್ಕು ತೋರುವ ಬಟ್ಟೆಚೀಲದ ಕಂಬದತ್ತ ನೇರ ನುಗ್ಗಿದಳು. ಒಳಗೆ ಮಾದೇವಿ ಇದ್ದಾಳೆಂದು ನೆನಪಾಗಿ ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತು. "ಕಾಲು, ಕಾಲು!" ಎಂದುಕೊಂಡೆ. ಮೂಗು ಕಂಬಕ್ಕೆ ತಾಗಲಿದೆ ಎನ್ನುವಷ್ಟರಲ್ಲಿ ನಿಂತಿತು.

ವಿಮಾನಕ್ಕೆ ಹಿಂದಕ್ಕೆ ಹೋಗುವ ಗೇರಿಲ್ಲ. ಎಂಜಿನ್ ಆರಿಸಿ ಮಾದೇವಿ, ಸರ್ ಇಬ್ಬರೂ ಇಳಿದು ತಳ್ಳಬೇಕಾಯಿತು.

"ಊರಿಗೆ ಗಂಟು ಕಟ್ಟಲಾ ಸಾರ್?" ಎಂದಳು, ತಳ್ಳುತ್ತಲೇ.

"ಬ್ರೇಕ್ ಒತ್ತಿದ್ದು ನಾನಲ್ಲ, ನೀನು. ಯಾರು ಹೇಳಿದ್ರು?"

"ಅಕ್ಕನ ಜೊತೆ ರೂಢಿ ಸಾರ್. ಕೆಟ್ರೆ ಮೊದ್ಲು ಕಾಲು, ಆಮ್ಯಾಲೆ ಅಳು."

ಸರ್ ನಕ್ಕರು. "ನಿಲ್ಲಿಸೋಕೆ ಬಂದೋಳಿಗೆ ಓಡಿಸೋಕೂ ಬರುತ್ತೆ. ಮೇಲೆ ಹತ್ತು, ಇನ್ನೊಂದು ಸಲ."

ಈ ಸಲ ಒಂದು ಅಂಗೈ ತೊಡೆಯಡಿ ಸೇರಿತು. ನುಣ್ಣಗೆ ತಿರುಗಿದಳು. ಆಮೇಲೆ ನೋಡುತ್ತೇನೆ, ದಾರಿ ನೇರ ಕಾಣುವ ಆ ಬಿಳಿಯವಳು ರನ್‌ವೇವರೆಗೂ ಓಲಾಡುತ್ತಾ ಹೋದಳು, ಥೇಟ್ ನನ್ನ ಹಾಗೆ.

ಮುಂದಿನ ಆಯುಧಪೂಜೆಯ ಹೊತ್ತಿಗೆ ನನ್ನ ಎಂಜಿನ್ ಬಿಚ್ಚಿ ಶೆಡ್ಡಿನ ಮೂಲೆಗೆ ನಿಲ್ಲಿಸಿದ್ದರು. ಮಾದೇವಿ ನಿಂಬೆಹಣ್ಣು ಹಿಡಿದು ನನ್ನ ಬಳಿ ಬಂದಳು.

"ಅದು ನಡೆಯಲ್ಲ ಕಣಮ್ಮ," ಎಂದರು ಸರ್.

"ತಳ್ಳುದ್ರೆ ನಡೀತಾಳೆ. ಬನ್ನಿ ಸಾರ್, ಕೈ ಹಾಕಿ."

ಇಬ್ಬರೂ ಭುಜ ಕೊಟ್ಟರು. ಹಣ್ಣು ಪಚ್ಚನೆ ಒಡೆಯಿತು. ಬಿಳಿಯವಳು ತನ್ನ ಹಣ್ಣನ್ನು ಎಂಜಿನ್ ಬಲದಿಂದ ಒಡೆದಿದ್ದಳು, ನನ್ನದನ್ನು ಮಾದೇವಿ ಒಡೆಸಿದಳು. ಹಾರ ಹಾಕಿಕೊಂಡು ಅಂಗಳದಲ್ಲಿ ನಿಂತ ಆ ಬಿಳಿಯವಳು ನನ್ನ ಕಡೆಗೇ ನೋಡುತ್ತಿದ್ದಳು. ಈಗ ಉರಿಯುವ ಸರದಿ ಅವಳದು.