ಫಲಕದ ಹನ್ನೊಂದು ಸಂಡಾಸ

“ಖರೆ ಹೇಳು, ಒಳಗ ಕುಂತಿದ್ದಿ ಏನ್? ಬಕೀಟಿನ್ಯಾಗಿನ ನೀರ್ ಹ್ಯಾಂಗ ಕಮ್ಮಿ ಆಯ್ತು?”

ಮನೆಯೊಡತಿ ಕಸ್ತೂರಿಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಲ್ಲಿ ನಿಂತಿದ್ದರು. ಝರೆಮ್ಮ ಸಂಡಾಸದೊಳಗೆ ಮೊಣಕಾಲೂರಿ ಮೂಲೆ ತಿಕ್ಕುತ್ತಿದ್ದಳು. ಹನ್ನೆರಡು ವರ್ಷದಿಂದ ತಿಕ್ಕುತ್ತಿದ್ದಾಳೆ, ಒಂದು ದಿನವೂ ಅದರಲ್ಲಿ ಕುಳಿತವಳಲ್ಲ.

“ತಿಕ್ಕಾಕ ನೀರ್ ಬೇಕಲ್ರಿ ಬಾಯೋರ. ಉಗುಳ್ ಹಚ್ಚಿ ತಿಕ್ಲೇನ್ರಿ?”

“ಬಾಯಿ ಭಾಳ ಆಗ್ಯಾದ ನಿಂದು. ನಿಮ್ಮಂಥೋರು ಕುಂತಲ್ಲಿ ನಾವು ಹ್ಯಾಂಗ ಕುಂಡ್ರಬೇಕು?”

ನೀವು ಕುಂತಿದ್ದು ನಾ ಹ್ಯಾಂಗ ತೊಳೀತೇನಿ ಹಂಗ, ಎಂಬ ಮಾತು ಝರೆಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿದಳು. ನುಂಗಿ ಒಬ್ಬಳೇ ನಕ್ಕಳು.

ಮೈಲೂರಿನಲ್ಲಿ ಕಸ್ತೂರಿಬಾಯಿಯ ಗಂಡ ಮನ್ಮಥಪ್ಪನವರದು ಮೂರಂತಸ್ತಿನ ಮನೆ. ಆದರೂ ದೇವರ ಕೋಣೆ ಇರುವ ಮನೆಯೊಳಗೆ ಸಂಡಾಸ ಬೇಡವೆಂದು ಅದನ್ನು ಹಿತ್ತಲಲ್ಲೇ ಇಟ್ಟಿದ್ದರು. ನೀಲಿ ಬಾಗಿಲು, ಬಾಗಿಲ ಮೇಲೊಂದು ಹಸಿರು ಗಿಳಿ, ಗಿಳಿಗೆ ಕೊಕ್ಕಿಲ್ಲ. ಬಣ್ಣ ಕಿತ್ತು ಹೋಗಿ ಎಷ್ಟೋ ವರ್ಷವಾಯಿತು. ಹಿತ್ತಲ ಗೋಡೆಯ ಆಚೆ ಅವರೇ ಬಾಡಿಗೆಗೆ ಕೊಟ್ಟ ಹನ್ನೊಂದು ತಗಡಿನ ಖೋಲಿಗಳು, ಅದರಲ್ಲೊಂದು ಝರೆಮ್ಮನದು. ಅಲ್ಲಿಂದ ಬರಲು ಒಂದು ಚಿಕ್ಕ ಗೇಟು. ಮಾಲಕರು ಏಳುವ ಮೊದಲೇ ಬಂದು ತೊಳೆಯಬೇಕಲ್ಲ, ಅದಕ್ಕೇ ಗೇಟಿನ ಮತ್ತು ನೀಲಿ ಬಾಗಿಲಿನ ಕೀಲಿ ಎರಡೂ ಝರೆಮ್ಮನ ಸೊಂಟದಲ್ಲಿ.

ಹನ್ನೊಂದು ಖೋಲಿಯ ಹೆಂಗಸರು ಮಾತ್ರ ಬೆಳಕು ಹರಿಯುವ ಮುಂಚೆ ರೈಲು ಹಳಿಯ ಪಕ್ಕದ ಜಾಲಿಗಿಡಗಳ ಮರೆಗೆ ಹೋಗಬೇಕು. ಪಕ್ಕದ ಖೋಲಿಯ ಆಯೆಶಾ ಎಂಟು ತಿಂಗಳ ಬಸುರಿ. ಅವಳ ಜೊತೆ ಝರೆಮ್ಮ ಛತ್ರಿ ಹಿಡಿದು ಹೋಗುತ್ತಿದ್ದಳು, ಮಳೆಗಲ್ಲ, ಮರೆಗೆ. ಮೊನ್ನೆ ಹಳಿಯ ಜಲ್ಲಿಯ ಮೇಲೆ ಆಯೆಶಾಳ ಕಾಲು ಜಾರಿತು. ಕೂತಲ್ಲೇ ಇಬ್ಬರೂ ನಕ್ಕರು. ಆಮೇಲೆ ಆಯೆಶಾ ಹೊಟ್ಟೆ ಹಿಡಿದುಕೊಂಡು ಅತ್ತಳು.

ಕಸ್ತೂರಿಬಾಯಿ ನೀರಿನ ಲೆಕ್ಕ ಕೇಳಿದ ದಿನವೇ ಮಧ್ಯಾಹ್ನ ಓಣಿಯ ಬಾಯಲ್ಲಿ ದೊಡ್ಡ ಫಲಕವೊಂದು ಎದ್ದಿತು. ವಾರ್ಡಿನ ಗುಮಾಸ್ತ ಅವಿನಾಶ ಟ್ಯಾಬು ಹಿಡಿದು ಮುಂದೆ ನಿಂತು ಮೊಳೆ ಹೊಡೆಸಿದ. ಝರೆಮ್ಮನ ಮಗ ರತ್ನದೀಪ ಗಾರೆ ಕೆಲಸ ಮುಗಿಸಿ ಬರುತ್ತಿದ್ದವನು ನಿಂತು ಜೋರಾಗಿ ಓದಿದ.

“ಬೀದಿ ದೀಪ ಒಂಬತ್ತು. ಗಿಡ ಮೂವತ್ತೊಂದು. ಬೀದಿ ನಾಯಿ ಇಪ್ಪತ್ತಾರು.”

“ನಾಯಿ ಲೆಕ್ಕ ಬರೋಬರಿ ಅದ,” ಎಂದ ಆಟೋ ಓಡಿಸುವ ಶಾಹಿದ. ಅವನು ಆಯೆಶಾಳ ಗಂಡ. “ಅವು ಎಲ್ಲಾ ನಮ್ಮ ಖೋಲಿ ಮುಂದೇ ಮಲಗ್ತಾವ.”

“ತಗಡಿನ ಓಣಿ. ಮನಿ ಹನ್ನೊಂದು. ಸಂಡಾಸ ಹನ್ನೊಂದು. ನೂರಕ್ಕ ನೂರು.”

ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ಆಯೆಶಾ ಮಾತ್ರ ನಗಲಿಲ್ಲ. ಸಂಡಾಸಕ್ಕೆಂದು ಅವಳು ಕೊಟ್ಟ ಅರ್ಜಿ ಎರಡು ಸಲ ವಾಪಸು ಬಂದಿತ್ತು.

“ನನ್ನ ಸಂಡಾಸ ಎಲ್ಲದರಿ ಸಾಹೇಬ? ಜರಾ ತೋರ್ಸ್ರಿ, ಈಗೇ ಹೋಗಿ ಬರ್ತೇನಿ,” ಎಂದಳು ಅವಳು.

“ದಾಖಲೆದಾಗ ಅದಮ್ಮಾ. ಇದ್ದೋರಿಗೆ ಮತ್ತ ಕೊಡಾಕ ಬರಲ್ಲ. ಫೋಟೋ ಅದಾವ, ಆಫೀಸಿನ ವೆಬ್‌ಸೈಟಿನ್ಯಾಗ ಯಾರ್ ಬೇಕಾದೋರು ನೋಡಬಹುದು,” ಎಂದು ಅವಿನಾಶ ಟ್ಯಾಬು ಮುಂದೆ ಹಿಡಿದ.

ಹನ್ನೊಂದು ಫೋಟೋ. ಹನ್ನೊಂದರಲ್ಲೂ ಒಬ್ಬೊಬ್ಬರು ಎದೆಯ ಮುಂದೆ ಸ್ಲೇಟಿನ ಪಾಟಿ ಹಿಡಿದು ನಿಂತಿದ್ದಾರೆ. ಪಾಟಿಯ ಮೇಲೆ ಹೆಸರು, ಮನೆ ನಂಬರು. ಹಿಂದೆ ನೀಲಿ ಬಾಗಿಲು.

“ಗಿಳಿ,” ಎಂದಳು ಝರೆಮ್ಮ.

ಎರಡು ವರ್ಷದ ಹಿಂದೆ ರೇಷನ್ ಕಾರ್ಡಿಗೆ ಫೋಟೋ ಬೇಕೆಂದು ಮನ್ಮಥಪ್ಪನವರು ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದಿದ್ದರು. ಪಾಟಿ ಝರೆಮ್ಮನ ಮೊಮ್ಮಗಳದೇ. ಮನೆಗೊಂದು ಸಂಡಾಸಕ್ಕೆಂದು ಸರ್ಕಾರದ ದುಡ್ಡು ಬಂದದ್ದೂ, ಮನ್ಮಥಪ್ಪನವರ ಮೂರನೇ ಅಂತಸ್ತು ಎದ್ದದ್ದೂ ಅದೇ ವರ್ಷ.

ಗದ್ದಲ ಕೇಳಿ ಮನ್ಮಥಪ್ಪನವರೇ ಬಂದರು. ಹಣೆಯ ತುಂಬ ವಿಭೂತಿ.

“ಏನಲೇ ಸಂತಿ ಹಚ್ಚೀರಿ? ಹಲ್ಕಟ್ ಸೂಳೇಮಕ್ಳು. ಹುಟ್ಟಿದಾಗಿಂದ ಗಿಡದ ಬುಡಕ ಕುಂತೋರು, ಈಗ ನಿಮಗ ಫರ್ಸಿ ಕಲ್ಲ ಹಾಕಿದ್ದು ಬೇಕೇನು? ಜಾಸ್ತಿ ಮಾತಾಡಿದ್ರ ನಾಳೆ ಖೋಲಿ ಖಾಲಿ ಮಾಡಸ್ತೇನಿ.”

ಎಲ್ಲರೂ ನೆಲ ನೋಡಿದರು. ಝರೆಮ್ಮ ಫಲಕ ನೋಡಿದಳು. ಓದಲು ಬಾರದಿದ್ದರೂ ಎರಡು ಒಂದುಗಳು ಅಕ್ಕಪಕ್ಕ ನಿಂತದ್ದು ಅವಳಿಗೆ ಗೊತ್ತಾಯಿತು. ಎರಡು ವರ್ಷದಿಂದ ನನ್ನದನ್ನೇ ನಾನು ತಿಕ್ಕಿದೆನಲ್ಲ ಎಂದು ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

ಮರುದಿನ ಬೆಳಕು ಹರಿದ ಮೇಲೆ, ಬೇಕೆಂದೇ ಹರಿದ ಮೇಲೆ, ಝರೆಮ್ಮ ಗೇಟಿನ ಕೀಲಿ ತೆಗೆದಳು. ಹಿಂದೆ ಹನ್ನೊಂದು ಮನೆಯ ಮಂದಿ, ಕೈಯಲ್ಲಿ ಹನ್ನೊಂದು ತಂಬಿಗೆ. ನೀಲಿ ಬಾಗಿಲು ತೆರೆದು ಆಯೆಶಾಳನ್ನು ಒಳಗೆ ಬಿಟ್ಟಳು. ಚಿಲಕ ಬಿದ್ದ ಸಪ್ಪಳಕ್ಕೆ ಝರೆಮ್ಮನ ಕಣ್ಣು ತುಂಬಿದವು. ಬಾಗಿಲು ಇದ್ದ ಜಾಗದಲ್ಲಿ ಆ ಹುಡುಗಿ ಕೂತದ್ದು ಎಷ್ಟು ತಿಂಗಳ ಮೇಲೋ.

ಕಸ್ತೂರಿಬಾಯಿಯ ಚೀರಾಟಕ್ಕೆ ಮೈಲೂರು ಅರ್ಧ ಎದ್ದಿತು. ಮನ್ಮಥಪ್ಪನವರು ಫೋನು ಮಾಡಿ ಅವಿನಾಶನನ್ನು ಕರೆಸಿದರು. ಅವನು ಬಂದಾಗ ಸಾಲು ಗೇಟಿನಾಚೆ ಬಾಗಿ ನಿಂತಿತ್ತು.

“ಹೇಳ್ರಿ ಸಾಹೇಬ್ರ,” ಎಂದಳು ಝರೆಮ್ಮ. “ಫೋಟೋದಾಗಿನ ಸಂಡಾಸ ಇದೇ ಹೌದಿಲ್ಲೋ?”

ಅವಿನಾಶ ಟ್ಯಾಬು ನೋಡಿದ, ಗಿಳಿ ನೋಡಿದ. ಹೌದೆಂದರೆ ಮನ್ಮಥಪ್ಪ ತಿನ್ನುತ್ತಾರೆ, ಅಲ್ಲವೆಂದರೆ ಮೇಲಿನ ಸಾಹೇಬರು ತಿನ್ನುತ್ತಾರೆ. ಟ್ಯಾಬಿನ ಕಡೆಗೇ ನೋಡುತ್ತ ಹೇಳಿದ.

“ದಾಖಲೆ ಪ್ರಕಾರ... ಹೌದು.”

“ಏ ಬಾಡ್ಯಾ,” ಎಂದರು ಮನ್ಮಥಪ್ಪ. “ಎಲ್ಲಾರ್ನೂ ಖಾಲಿ ಮಾಡಸ್ತೇನಿ ನಾ.”

“ಮಾಡಸ್ರಿ ಮಾಲಕರ. ಹನ್ನೊಂದ್ ಮನಿ ಅಂತ ಬರ್ದಾರ. ಮಂದಿ ಇಲ್ಲದ ಮನಿಗಿ ಸಂಡಾಸ ಹ್ಯಾಂಗ ಬಂತು ಅಂತ ಕೇಳಾಕ ಯಾರಾರ ಬರ್ತಾರ,” ಎಂದಳು ಝರೆಮ್ಮ.

ಮನ್ಮಥಪ್ಪನವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಆಗಲೇ ಎಲ್ಲರೂ ಅವರ ಎಡಗೈ ನೋಡಿದ್ದು. ಅದರಲ್ಲೂ ಒಂದು ತಂಬಿಗೆ ಇತ್ತು. ಸ್ನಾನವಿಲ್ಲ, ಪೂಜೆಯಿಲ್ಲ, ಹಣೆ ಬರಿದಾಗಿತ್ತು.

“ಜರಾ ಸರೀರಿ,” ಎಂದರು ಸಣ್ಣ ದನಿಯಲ್ಲಿ. “ಅರ್ಜೆಂಟ್ ಅದ.”

ಶಾಹಿದ ನೀಲಿ ಬಾಗಿಲು ತಟ್ಟಿದ. ಒಳಗಿನಿಂದ ಆಯೆಶಾ, “ಇನ್ನಾ ಟೈಮ್ ಹಿಡೀತದ,” ಎಂದಳು ಆರಾಮಾಗಿ.

ಝರೆಮ್ಮ ಸೆರಗಿನ ಮರೆಯಿಂದ ಮೊಮ್ಮಗಳ ಪಾಟಿ ತೆಗೆದಳು. ರತ್ನದೀಪ ಅದರ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಹನ್ನೆರಡು ಎಂದು ಬರೆದ. ಮನ್ಮಥಪ್ಪನವರಿಗೆ ಬೇರೆಯದರ ಮೇಲೆ ಧ್ಯಾನ, ಕೊಟ್ಟದ್ದನ್ನು ಹಿಡಿದುಕೊಂಡರು.

“ಎದಿ ಮುಂದ ಹಿಡೀರಿ ಮಾಲಕರ. ಗಿಳಿ ಕಾಣಬೇಕು. ಸಾಹೇಬ್ರ, ಫೋಟೋ ತೆಗೀರಿ.”

ಅವಿನಾಶ ತೆಗೆಯಲಿಲ್ಲ. ರತ್ನದೀಪ ತನ್ನ ಮೊಬೈಲಿನಲ್ಲಿ ತೆಗೆದ.

ಆಮೇಲೆ ಝರೆಮ್ಮ ಹನ್ನೆರಡು ವರ್ಷದ ಬ್ರಶ್ಶನ್ನು ಬಾಗಿಲ ಪಕ್ಕ ಗೋಡೆಗೆ ಒರಗಿಸಿದಳು. ತನ್ನ ತಂಬಿಗೆ ಎತ್ತಿಕೊಂಡು ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು.

“ಬಾಯೋರ,” ಎಂದಳು ಕಸ್ತೂರಿಬಾಯಿಗೆ, “ಈಗ ಹನ್ನೆರಡ್ ಮನಿ ಆದ್ವು. ತಿಕ್ಕೋದು ಪಾಳಿ ಮ್ಯಾಲ. ಇವತ್ತಿಂದು ನಿಮ್ಮನಿದು.”