ಅರ್ಧ ಇಂಚಿನ ಸ್ಕ್ರೂ

ಪೆನ್ಸಿಲ್ ಮೂರನೆಯ ಸಲವೂ ಕಿವಿಯಿಂದ ಜಾರಿ ಶವಪೆಟ್ಟಿಗೆಯೊಳಗೆ ಬಿತ್ತು. ಮಗಳು ಅದನ್ನು ಎತ್ತಿ ಅಪ್ಪನ ಬಲಗಿವಿಯ ಹಿಂದೆ ಮತ್ತೆ ಸಿಕ್ಕಿಸಿದಳು. ಮೂವತ್ತೈದು ವರ್ಷ ಅಲ್ಲೇ ಕೂತಿದ್ದ ಬಡಗಿಯ ಪೆನ್ಸಿಲ್ಲಿಗೆ ಇವತ್ತೇ ಹಟ ಬಂದಿತ್ತು.

"ಜೇಬಿಗೆ ಹಾಕೇ, ಸಾಕು," ಎಂದಳು ಸೋದರತ್ತೆ. ಬೆಳಗಿನಿಂದ ತಮ್ಮನಿಗಾಗಿ ಅತ್ತೂ ಅತ್ತೂ ಅವಳ ಮೂಗು ಕೆಂಪಾಗಿತ್ತು. ಆದರೂ ಕಣ್ಣು ಮಾತ್ರ ಬಂದುಹೋಗುವವರ ಮೇಲೇ ಇತ್ತು. "ಅದಿರ್ಲಿ, ಆ ಕಂಡಕ್ಟರ್ ಯಾರು? ಬಂದು ಅರ್ಧ ಗಂಟೆ ಆಯ್ತು, ಒಂದು ಹನಿ ಕಣ್ಣೀರಿಲ್ಲ."

ಹೊಸಿಲ ಹತ್ತಿರ ಖಾಕಿ ಅಂಗಿ ತೊಟ್ಟ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ನಂಗೂ ಗೊತ್ತಿಲ್ಲ ಅತ್ತೆ."

"ಆಗಲೇ ಬಚ್ಚಲಿಗೆ ಹೋದ್ಲು. ಬಾಗಿಲು ಹಾಕ್ಕೊಳ್ಳಲೇ ಇಲ್ಲ ಕಣೇ! ಸಂದಿಯಲ್ಲಿ ನಾಲ್ಕು ಬೆರಳು ಕಾಣ್ತಿತ್ತು. ಯಾರಾದ್ರೂ ಬರ್ತಾರಾ ಅಂತ ಕಾಯ್ತಿದ್ಲು, ನೋಡು. ಏನೋ ಎತ್ತಾಕ್ಕೊಂಡು ಹೋಗೋಕೇ ಬಂದಿರೋದು."

ಉಳಿ, ಗರಗಸ, ಮೂರು ಕುರ್ಚಿ. ಈ ಮನೆಯಲ್ಲಿ ಎತ್ತಿಕೊಂಡು ಹೋಗುವಂಥದ್ದು ಇನ್ನೇನಿದೆ? ಆದರೂ ಮಗಳು ಆ ಚೀಲವನ್ನು ಒಮ್ಮೆ ನೋಡಿದಳು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಒಳಗೆ ಬಂದರು. ಅಪ್ಪ ದುಡಿದ ಶಾಲೆಗೆ ಆಗಲೂ ಅವರೇ ಹೆಡ್‌ಮಾಸ್ಟರ್, ಈಗಲೂ ಅವರೇ. ಶವದ ಗಾಡಿಯನ್ನು ಕಳಿಸಿದ್ದೂ ಅವರೇ, ಬಾಗಿಲಲ್ಲಿದ್ದ ದೊಡ್ಡ ಹೂಗುಚ್ಛವೂ ಅವರದೇ. ಅಪ್ಪ ನಿವೃತ್ತನಾಗಿ ಆರು ವರ್ಷದಲ್ಲಿ ಒಂದು ಸಲವೂ ಇತ್ತ ತಲೆ ಹಾಕದಿದ್ದವರಿಗೆ ಇವತ್ತು ಉಕ್ಕಿ ಬಂದಿದ್ದ ಪ್ರೀತಿ ಕಂಡು ಮಗಳಿಗೆ ಒಳಗೊಳಗೇ ಏನೋ ಚುಚ್ಚಿತು.

ಅವರು ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತು, ಆಮೇಲೆ ಅವಳ ಕಡೆ ಬಗ್ಗಿದರು. "ಅಮ್ಮಾ, ಅವರ ಅಳತೆ ಪುಸ್ತಕ ಇತ್ತಲ್ಲ, ಯಾವಾಗಲೂ ಜೇಬಲ್ಲಿ ಇಟ್ಕೋತಿದ್ರಲ್ಲ? ಅದನ್ನ ಅವರ ಜೊತೆಗೇ ಕಳಿಸಿಬಿಡಿ. ಅದರಲ್ಲೇ ಇತ್ತು ಅವರ ಜೀವ."

"ಎಂಥಾ ಒಳ್ಳೇ ಮಾತು!" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹುಡುಕ್ತೀನಿ," ಎಂದಳು ಮಗಳು.

"ಈಗಲೇ ಹುಡುಕಿದ್ರೆ ಒಳ್ಳೇದು. ಮಣ್ಣು ಮಾಡೋ ಹೊತ್ತಾಗುತ್ತೆ."

ಹೋದ ತಿಂಗಳು ಆ ಶಾಲೆಯ ಒಂದು ಸಣ್ಣ ಕೋಣೆಯಲ್ಲಿ ಎಂಟು ವರ್ಷದ ಹುಡುಗಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅದು ಸಾಮಾನಿನ ಕೋಣೆ, ಮಗು ತಾನೇ ಒಳಗೆ ಹೋಗಿತ್ತು, ಬಾಗಿಲು ಕಚ್ಚಿಕೊಂಡಿತ್ತು ಎಂದು ಇದೇ ಹೆಡ್‌ಮಾಸ್ಟರ್ ಪತ್ರಿಕೆಗೆ ಹೇಳಿದ್ದರು. ಅದನ್ನು ಓದಿದ ದಿನ ಅಪ್ಪ ಊಟ ಬಿಟ್ಟು ಎದ್ದಿದ್ದ. ಸೋಮವಾರ ವಿಚಾರಣೆ. ಅಪ್ಪ ಗುರುವಾರ ನಿದ್ದೆಯಲ್ಲೇ ಹೋಗಿಬಿಟ್ಟ.

*

ಇಪ್ಪತ್ತು ವರ್ಷದ ಹಿಂದಿನ ಮಾತು, ಮಗಳಿಗೆ ಆಗ ಹದಿನಾರು. ಬುತ್ತಿ ಕೊಡಲು ಶಾಲೆಗೆ ಹೋದಾಗ ಅಪ್ಪ ಕಾರಿಡಾರಿನ ಕೊನೆಯಲ್ಲಿ ಬಾಗಿಲೊಂದಕ್ಕೆ ಚಿಲಕ ಕೂರಿಸುತ್ತಿದ್ದ. ಬಾಯಿ ತುಂಬ ಸ್ಕ್ರೂ.

"ಚಿಲಕ ಹೊರಗಡೆ ಯಾಕಪ್ಪಾ?"

ಅವನು ಸ್ಕ್ರೂಗಳನ್ನು ಅಂಗೈಗೆ ಉಗಿದ. "ಸಾಮಾನಿನ ಕೋಣೆ ಕಣೇ."

ಅವಳು ಇಣುಕಿದಳು. ಕಿಟಕಿ ಇರಲಿಲ್ಲ. ನಡುವೆ ಒಂದು ಪುಟ್ಟ ಕುರ್ಚಿ, ಕಾಲುಗಳನ್ನು ನೆಲಕ್ಕೆ ಬಿಗಿದಿತ್ತು. "ಸಾಮಾನಿಗೆ ಕುರ್ಚಿ ಯಾಕೆ?"

ಅಪ್ಪ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಬಾಯಿಗೆ ಹಾಕಿಕೊಂಡ. ಎಲ್ಲವೂ ಎರಡಿಂಚಿನವು. ಅರ್ಧ ಇಂಚಿನ ಸ್ಕ್ರೂ ಹಾಕುವವನು ಬಡಗಿಯಲ್ಲ, ಕಳ್ಳ ಎಂದು ಅವನು ಯಾವಾಗಲೂ ಬೈಯುತ್ತಿದ್ದ.

*

ಅಳತೆ ಪುಸ್ತಕಗಳು ಹಿತ್ತಲಿನ ಶೆಡ್ಡಿನಲ್ಲಿ, ಅಂಟಿನ ಡಬ್ಬಿಯ ಹಿಂದೆ ಇದ್ದವು. ಒಂದಲ್ಲ, ಹನ್ನೊಂದು. ಹಳೆಯದೊಂದರ ನಡುವೆ ಬೆಂಕಿಪೆಟ್ಟಿಗೆಯೊಂದನ್ನು ಇಟ್ಟು ದಾರ ಸುತ್ತಿತ್ತು. ಮಗಳು ದಾರ ಬಿಚ್ಚುವಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು.

"ಏನು ಬೇಕಿತ್ತು?" ಅವಳು ಗಟ್ಟಿಯಾಗಿ ಕೇಳಿದಳು.

ಕಂಡಕ್ಟರ್ ಬಾಗಿಲಿಗೆ ಕಲ್ಲು ಆನಿಸಿ, ಅದು ಮುಚ್ಚಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬಂದಳು. "ಹೆಡ್‌ಮಾಸ್ಟರ್ ನಿಮ್ಮ ಕಿವೀಲಿ ಹೇಳಿದ್ದು ಕೇಳಿಸ್ತು. ಅದಕ್ಕೇ ಹಿಂದೆ ಬಂದೆ. ಸೋಮವಾರ ನಾನೂ ಹೇಳಿಕೆ ಕೊಡ್ತಿದ್ದೀನಿ. ಒಂಬತ್ತು ವರ್ಷದವಳಿದ್ದಾಗ ಶಿಕ್ಷೆ ಅಂತ ಆ ಕೋಣೇಲಿ ಕೂತಿದ್ದೆ. ಏಳು ಸಲ."

"ನನ್ನಪ್ಪನಿಗೆ ಶಾಪ ಹಾಕೋಕೆ ಬಂದ್ರಾ?"

"ಅವರು ಸತ್ತಿದ್ದು ನಿಜವಾ ಅಂತ ನೋಡೋಕೆ ಬಂದೆ." ಕಂಡಕ್ಟರ್ ಮುಖದಲ್ಲಿ ನಾಚಿಕೆಯಿರಲಿಲ್ಲ. "ಶುಕ್ರವಾರ ಬಂದು ಎಲ್ಲಾ ಹೇಳ್ತೀನಿ ಅಂತ ಫೋನ್ ಮಾಡಿದ್ರು. ಗುರುವಾರಾನೇ ಹೋದ್ರು ಅಂದ್ರೆ ಯಾರು ನಂಬ್ತಾರೆ?"

ಮಗಳು ಬೆಂಕಿಪೆಟ್ಟಿಗೆ ಇಟ್ಟಿದ್ದ ಹಾಳೆ ತೆರೆದಳು. ಅಪ್ಪನ ದಪ್ಪ ಅಕ್ಷರ. 'ಸಣ್ಣ ಕೋಣೆ. ಬಾಗಿಲು ಹೊರಕ್ಕೆ ತೆರೆಯಬೇಕು. ಚಿಲಕ ಹೊರಗೆ, ಐದೂವರೆ ಅಡಿ ಎತ್ತರದಲ್ಲಿ, ಬೇರೆ ಮಕ್ಕಳ ಕೈಗೆ ಎಟುಕದ ಹಾಗೆ. ಮಗುವಿನ ಕುರ್ಚಿ ಒಂದು, ನೆಲಕ್ಕೆ ಬಿಗಿಯಬೇಕು. ಹೆಡ್‌ಮಾಸ್ಟರ್ ಹೇಳಿದ್ದು.' ಕೆಳಗೆ ಅವರ ಸಹಿ.

ಗೊತ್ತಿದ್ದೇ ಮಾಡಿದ್ದಾನೆ. ಈ ಪುಸ್ತಕ ಹೊರಗೆ ಹೋದರೆ ಹೆಡ್‌ಮಾಸ್ಟರ ಜೊತೆ ಅಪ್ಪನ ಹೆಸರೂ ಬೀದಿಗೆ ಬರುತ್ತದೆ. ಹೋಗದಿದ್ದರೆ ಅದು ಸಾಮಾನಿನ ಕೋಣೆಯಾಗಿಯೇ ಉಳಿಯುತ್ತದೆ.

ಹಾಳೆ ತಿರುಗಿಸಿದಳು. ನಾಲ್ಕು ತಿಂಗಳ ನಂತರದ ತಾರೀಕು. 'ಸಣ್ಣ ಕೋಣೆಯ ಬಾಗಿಲು ಉಜ್ಜಲು ಹೋದೆ. ಒಳಗೆ ಮಗು ಇತ್ತು. ಸಂಜೆ ಉದ್ದ ಸ್ಕ್ರೂ ನಾಲ್ಕೂ ತೆಗೆದು ಅರ್ಧ ಇಂಚಿನದು ಹಾಕಿದೆ. ಒಳಗಿನಿಂದ ಒಂದು ಸಲ ಜೋರಾಗಿ ತಳ್ಳಿದರೆ ಚಿಲಕ ಕಿತ್ತು ಬರುತ್ತದೆ. ಯಾರಿಗೂ ಹೇಳಿಲ್ಲ.'

ಬೆಂಕಿಪೆಟ್ಟಿಗೆಯಲ್ಲಿ ಎರಡಿಂಚಿನ ನಾಲ್ಕು ಸ್ಕ್ರೂಗಳಿದ್ದವು.

"ನೋಡಿ," ಮಗಳು ಪುಸ್ತಕವನ್ನು ಅವಳ ಕೈಗೆ ಕೊಟ್ಟಳು. "ನೋಡಿ ಇಲ್ಲಿ. ನಿಮ್ಮನ್ನ ಬಿಡಿಸೋಕೆ ನೋಡಿದಾನೆ ನನ್ನಪ್ಪ."

ಕಂಡಕ್ಟರ್ ಎರಡು ಸಲ ಓದಿದಳು. "ಯಾರಿಗೂ ಹೇಳಿಲ್ಲ ಅಂದ್ರೆ? ನಮಗೂ ಹೇಳಿಲ್ಲವಲ್ಲ!"

"ತಳ್ಳಿದ್ರೆ ಸಾಕಿತ್ತು."

"ಬಾಗಿಲು ಮುಟ್ಟಿದ್ರೆ ಇನ್ನೊಂದು ಗಂಟೆ ಅಂತಿದ್ರು ಅಕ್ಕಾ. ಸುಮ್ನೆ ಕೂತೋರನ್ನ ಬೇಗ ಬಿಡ್ತಿದ್ರು. ನಾವು ಒಳ್ಳೇ ಮಕ್ಕಳ ಥರ ಕುರ್ಚಿ ಹಿಡ್ಕೊಂಡು ಕೂತಿದ್ವಿ. ತಳ್ಳೋ ಮಗು ಯಾವುದು?" ಅವಳು ನಕ್ಕಂತೆ ಮಾಡಿದಳು. ನಗು ಬರಲಿಲ್ಲ. "ಏಳು ಸಲ ಕೂತಿದ್ದೆ. ಒಂದು ಸಲ ತಳ್ಳಿದ್ರೆ..."

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಕಂಡಕ್ಟರ್ ಪುಸ್ತಕವನ್ನು ವಾಪಸು ಚಾಚಿದಳು. "ನಿಮ್ಮಪ್ಪಂದು. ನೀವೇ ಯೋಚನೆ ಮಾಡಿ. ನಂಗೆ ಒಂಚೂರು ಮುಖ ತೊಳ್ಕೋಬೇಕು, ಇದನ್ನ ಹಿಡ್ಕೊಂಡಿರ್ತೀರಾ?" ಎಂದು ಟಿಕೆಟ್ ಚೀಲ ಬಿಚ್ಚಿ ಅವಳ ಕೈಗೆ ಕೊಟ್ಟಳು.

ಒಳಗೆ ಪೆಟ್ಟಿಗೆ ಮುಚ್ಚುವುದಕ್ಕೆ ಜನ ಎದ್ದಿದ್ದರು. ಪೆನ್ಸಿಲ್ ಮತ್ತೆ ಜಾರಿತ್ತು. ಮಗಳು ಅದನ್ನು ಅಪ್ಪನ ಜೇಬಿಗೇ ಹಾಕಿದಳು. ಬೆಂಕಿಪೆಟ್ಟಿಗೆಯನ್ನು ಅವನ ಅಂಗೈಯಡಿ ಇಟ್ಟಳು. "ಹೇಳಬೇಕಿತ್ತು ಕಣಪ್ಪಾ," ಎಂದಳು. ಅತ್ತೆ ಅದನ್ನು ಅಳು ಎಂದುಕೊಂಡು ಬೆನ್ನು ಸವರಿದಳು.

ಹೆಡ್‌ಮಾಸ್ಟರ್ ಅವಳನ್ನು ಹುಡುಕುತ್ತ ನಡುಮನೆ ದಾಟಿ ಬಂದಾಗ ಅವಳು ಬಚ್ಚಲ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಟಿಕೆಟ್ ಚೀಲ ಅವಳ ಹೆಗಲಲ್ಲಿ ನೇತಾಡುತ್ತಿತ್ತು, ಮೊದಲಿಗಿಂತ ದಪ್ಪಗೆ.

"ಪುಸ್ತಕ ಸಿಕ್ತಾ ಅಮ್ಮಾ? ಒಳಗಿಟ್ರಾ?" ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು.

"ಒಳಗೆ ಜನ ಇದ್ದಾರೆ," ಎಂದಳು ಮಗಳು. "ಅಲ್ಲೇ ನಿಂತ್ಕೊಳ್ಳಿ."

ಅವಳ ಬೆನ್ನ ಹಿಂದೆ ಬಾಗಿಲು ಅರ್ಧ ತೆರೆದಿತ್ತು. ಅದರ ಅಂಚನ್ನು ಹಿಡಿದಿದ್ದ ನಾಲ್ಕು ಒದ್ದೆ ಬೆರಳುಗಳು ಅಲುಗಾಡದೆ ಅಲ್ಲೇ ಇದ್ದವು.