ಸೇಸಪ್ಪ ಹೇಳಿದ ಹತ್ತು ಗಂಟೆ

ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವನೆಂಬುದು ಬಹರೈನಿನ ಹೂರಾದ ಆಫೀಸೊಂದರ ಗುಮಾಸ್ತ ಸೇಸಪ್ಪನ ದೊಡ್ಡ ಹೆಮ್ಮೆ. ದೋಣಿ ಹತ್ತಿದರೆ ಅವನಿಗೆ ವಾಂತಿ ಬರುತ್ತಿತ್ತೆಂಬುದು ಅಲ್ಲಿ ಹೆಂಡತಿ ಕುಸುಮಾವತಿಗೆ ಮಾತ್ರ ಗೊತ್ತು. ೧೯೮೩ರ ಒಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವನು ಅರಾದಿನ ಜೆಟ್ಟಿಯಿಂದ ಗಾಳ ಹಾಕಿ ನಾಲ್ಕು ಮೀನು ಹಿಡಿದ. ಮರುವಾರ ಅದೇ ಹೊತ್ತಿಗೆ ಆಫೀಸಿನ ಡ್ರೈವರ್ ಮೊಯಿದಿನನ ಸಂಸಾರವನ್ನೂ ಕರೆದ. “ಅನ್ನ ಮಾತ್ರ ತನ್ನಿ, ಪದಾರ್ಥ ನಂದು” ಎಂದು ಅಭಯ ಕೊಟ್ಟ.

ಸಮುದ್ರ ಆಫೀಸಿನಂತೆ ಗಡಿಯಾರ ನೋಡಿ ಬರುವುದಿಲ್ಲ. ಭರತ, ಅಂದರೆ ಉಬ್ಬರ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಈ ವಾರ ತುಂಬು ನೀರಿದ್ದ ಹೊತ್ತಿಗೆ ಮುಂದಿನ ವಾರ ಪೂರ್ತಿ ಇಳಿತ. ಮಲ್ಪೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕವಿದು. ಎರಡೂ ಸಂಸಾರ ಚಾಪೆ ಹಾಸಿ ಕೂತಾಗ ಜೆಟ್ಟಿಯ ಕೆಳಗೆ ಬರೀ ಕೆಸರಿತ್ತು.

“ಗಾಳ ಎಲ್ಲಿಗೆ ಹಾಕುದು ಸೇಸಪ್ಪಣ್ಣ, ಏಡಿಯ ತಲೆಗಾ?” ಮೊಯಿದಿನ್ ಕೇಳಿದ.

“ಈಗ ಬರ್ತದೆ ಮಾರಾಯ, ನೀರು.”

“ಬರ್ತದೆ, ಸಂಜೆ ನಾಲ್ಕಕ್ಕೆ,” ಎಂದಳು ಕುಸುಮಾವತಿ. “ನಿನ್ನೆಯೇ ಹೇಳಿದೆ, ನೀವು ಕೇಳಿದ್ರಾ? ನಿಮ್ಮಪ್ಪ ಇದ್ದಿದ್ರೆ ದೋಣಿಯಿಂದ ದೂಡ್ತಿದ್ರು.”

ಮಕ್ಕಳು ಬರೀ ಅನ್ನ ನೋಡುತ್ತ ಕೂತವು. ಕುಸುಮಾವತಿ ಸೀರೆ ಎತ್ತಿ ಕಟ್ಟಿ, ಮೊಯಿದಿನನ ಹೆಂಡತಿ ರುಕಿಯಮ್ಮನೊಂದಿಗೆ ಕೆಸರಿಗಿಳಿದಳು. ಗಂಟೆಯೊಳಗೆ ಒಂದು ಬಕೆಟ್ ಮರುವಾಯಿ, ಕೆಸರಿನ ಚಿಪ್ಪುಮೀನು, ಸಿಕ್ಕಿತು. ಮೀನು ಹುರಿಯಲು ತಂದ ಸ್ಟವ್ ಮೇಲೆ ಚಿಪ್ಪುಗಳು ಬಾಯಿ ಬಿಟ್ಟವು.

ಉಣ್ಣುವಾಗ ಸೇಸಪ್ಪ ಗಂಟಲು ಸರಿಮಾಡಿಕೊಂಡ. “ಮರುವಾಯಿ ಹೆಕ್ಕಲಿಕ್ಕೆ ಇಳಿತವೇ ಬೇಕು. ಅದಕ್ಕೇ ನಾನು ಹತ್ತು ಗಂಟೆ ಅಂದದ್ದು.”

ಕುಸುಮಾವತಿ ಪಾತ್ರೆಯೊಳಗೆ ಕೈಯಾಡಿಸಿ, ಖಾಲಿ ಚಿಪ್ಪುಗಳನ್ನೇ ಹುಡುಕಿ ಗಂಡನ ತಟ್ಟೆಗೆ ಧಾರಾಳವಾಗಿ ಬಡಿಸಿದಳು.